ಅಣ್ಣನ ಕೈಗುಣ

ತಮ್ಮ ಬಂದು ಅಂಗಡಿಯ ಬಾಗಿಲು ತೆಗೆದ. ಮೊಳೆಗೆ ನೇತುಹಾಕಿದ್ದ ಕೆಲಸದ ಅಂಗಿ ತೊಟ್ಟು, ದೀಪ ಹಾಕಿದ. ಗಾಯಕಿಯೊಬ್ಬಳು ಹೊಲಿಯಲು ಕೊಟ್ಟಿದ್ದ ರೇಷ್ಮೆ ಕೋಟು ಮೇಜಿನ ಮೇಲೆ ಚಿಂದಿಯಾಗಿ ಬಿದ್ದಿತ್ತು. ಪಕ್ಕದಲ್ಲಿ ಕತ್ತರಿ. ಕೆಳಗೆ, ಖಾಲಿ ಬಾಟಲಿಯ ಜೊತೆ, ದೊಡ್ಡ ಟೇಲರ್ ಗೊರಕೆ ಹೊಡೆಯುತ್ತಿದ್ದ.

"ಅಣ್ಣ, ಏಳು. ಏನು ಮಾಡಿದೀಯ ನೋಡು."

ಅಣ್ಣ ಎದ್ದು ನೋಡಿದ. "ನಾನೇ ಮಾಡಿರಬೇಕು ಕಣೋ. ಏನೂ ನೆನಪಿಲ್ಲ. ಇನ್ನು ಈ ಕೈಯಲ್ಲಿ ಕತ್ತರಿ ಹಿಡಿಯಲ್ಲ. ಅಂಗಡಿ ನೀನೇ ನೋಡ್ಕೊ."

ಹೆಂಡತಿ ಸತ್ತ ಮೇಲೆ ಅವನು ಹೀಗೇ ಆಗಿದ್ದ. ಹಗಲೆಲ್ಲ ಮಂಕು ಕವಿದವನಂತೆ ಕೂರುವುದು, ಕತ್ತಲಾದರೆ ಕುಡಿಯುವುದು, ಬೆಳಗಾದರೆ ತಲೆ ಖಾಲಿ. ತಮ್ಮ ಒಂದು ಹನಿ ಮುಟ್ಟಿದವನಲ್ಲ. ಆದರೂ ಬಂದ ಗಿರಾಕಿಗಳೆಲ್ಲ ಕೇಳುವುದು ಒಂದೇ, "ದೊಡ್ಡವರಿಲ್ವಾ?" ಗಾಯಕಿಯೂ ಹಾಗೇ ಕೇಳಿದ್ದಳು. ಹಾಳಾಗಿ ಹೋದವನಿಗೂ ಇಷ್ಟು ಮರ್ಯಾದೆಯೇ ಎಂದು ತಮ್ಮನ ಹೊಟ್ಟೆ ಧಗಧಗ ಉರಿದಿತ್ತು.

ಸುದ್ದಿ ಕೇಳಿ ಚಿಕ್ಕಮ್ಮ ಬಂದರು. ಪೊಲೀಸ್ ಇಲಾಖೆಯಲ್ಲಿ ತಲೆ ನರೆಸಿಕೊಂಡು ನಿವೃತ್ತರಾದವರು. ಚಿಂದಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

"ನಿನ್ನೆ ಸಂಜೆ ಕೋಟು ಹೇಗಿತ್ತು?"

"ತೋಳು ಹೊಲಿಯೋದು ಬಾಕಿ ಇತ್ತು," ಎಂದ ತಮ್ಮ. "ಅಣ್ಣ ಗುಂಡುಸೂಜಿ ಚುಚ್ಚಿ ಇಟ್ಟಿದ್ದ. ರೇಷ್ಮೆಗೆ ಅಂತಲೇ ಇರೋವು, ಕಪ್ಪು ತಲೆಯವು."

"ಇಲ್ಲಿ ಒಂದೂ ಇಲ್ವಲ್ಲ—ನೆಲದ ಮೇಲೂ ಇಲ್ಲ?"

"ಸೂಜಿ ಮೇಲೆ ಆಡಿಸಿದ್ರೆ ಕತ್ತರಿ ಬಾಯಿ ಮೊಂಡಾಗುತ್ತೆ ಚಿಕ್ಕಮ್ಮ. ತೆಗೆದೇ ಕತ್ತರಿಸೋದು."

"ಅಂದ್ರೆ ಇದು ಟೇಲರ್ ಕೈಯ ಕೆಲಸ. ಇಲ್ಲಿರೋದು ಇಬ್ಬರೇ."

"ಅಣ್ಣ ಒಪ್ಕೊಂಡಾಯ್ತಲ್ಲ?"

"ಮನಸ್ಸು ಕುಗ್ಗಿದವನು ಕಂಡವರ ತಪ್ಪನ್ನೂ ತಲೆ ಮೇಲೆ ಹೊತ್ಕೊಳ್ತಾನೆ. ಕುಡಿದಾಗ ನಡೆದದ್ದು ಅವನ ನೆನಪಲ್ಲಿ ನಿಲ್ಲಲ್ಲ, ನಿಜ. ಆದ್ರೆ ಕೈಗೆ ಅಂಟಿದ ರೂಢಿ ಅಷ್ಟು ಬೇಗ ಬಿಟ್ಟು ಹೋಗಲ್ಲ. ಎಷ್ಟು ಕುಡಿದಿದ್ರೂ ಅವನು ತೆಗೆದ ಸೂಜಿ ಮುಂಗೈಗೆ ಕಟ್ಟಿದ ಸೂಜಿದಿಂಬಿಗೇ ಹೋಗುತ್ತೆ. ನೋಡು—ಎಲ್ಲಾ ಬಿಳಿ ತಲೆ. ಕಪ್ಪು ಎಲ್ಲಿ?"

ತಮ್ಮ ಬಗ್ಗಿ ಮೇಜಿನ ಕೆಳಗೆ ಹುಡುಕಿದ.

"ನಿನ್ನ ಕೈಗೂ ಒಂದು ರೂಢಿ ಇದೆಯಪ್ಪ. ನೀನು ಬಗ್ಗಿದಾಗ ನೋಡಿದೆ. ಕೊರಳಪಟ್ಟಿ ಮಗುಚಿ ತೋರಿಸು."

ಕೆಲಸದ ಅಂಗಿಯ ಕೊರಳಪಟ್ಟಿಯ ಒಳಗೆ ಕಪ್ಪು ತಲೆಗಳು ಸಾಲಾಗಿ ಕೂತಿದ್ದವು. ರಾತ್ರಿ ಕತ್ತರಿ ಹಿಡಿಯುವ ಮುಂಚೆ, ಗಮನವಿಲ್ಲದೆಯೇ, ತಾನೇ ಚುಚ್ಚಿಕೊಂಡವು.

"ಕುಡಿದು ಬಿದ್ದಿದ್ರೂ ಎಲ್ಲರಿಗೂ ಅವನೇ ಬೇಕು," ಎಂದ ತಮ್ಮ. "ಇನ್ನು ನಾನ್ಯಾಕೆ ಚಿಕ್ಕಮ್ಮ?"



"ಹಾಗಾದ್ರೆ... ನಾನು ಮಾಡಿಲ್ವಾ?" ಅಣ್ಣ ತನ್ನ ಕೈಗಳನ್ನೇ ನೋಡಿಕೊಂಡು ಗಳಗಳನೆ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ತಮ್ಮನ ಹತ್ತಿರ ಬಂದ.

"ಅಲ್ಲಾಡಬೇಡ. ಕುತ್ತಿಗೆಗೆ ಚುಚ್ಚುತ್ತೆ."

ಒಂದೊಂದೇ ಸೂಜಿ ಕಿತ್ತು ತನ್ನ ದಿಂಬಿಗೆ ಸಿಕ್ಕಿಸಿದ. ಕೈ ಗಡಗಡ ನಡುಗುತ್ತಿತ್ತು. ಒಂದು ಸೂಜಿಯೂ ತಮ್ಮನ ಚರ್ಮಕ್ಕೆ ತಾಗಲಿಲ್ಲ.

ತಮ್ಮನಿಗೆ ನಾಚಿಕೆಯಾಯಿತು. ಆ ಕೈ ಕಂಡು ಹೊಟ್ಟೆಯೂ ಉರಿಯಿತು.