ಅಪ್ಪನ ಕೊನೆಯ ಸಹಿ

"ನಿನ್ನನ್ನ ಇಲ್ಲಿಗೆ ಕರೆದವರು ಯಾರು?"

ಅಪ್ಪನ ಶ್ರದ್ಧಾಂಜಲಿ ಸಭೆಯ ಬಾಗಿಲಲ್ಲೇ ಅವಳು ಅವನನ್ನು ತಡೆದಳು. ನಿಶ್ಚಯವಾಗಿದ್ದ ಮದುವೆಯನ್ನು ಮೂರು ತಿಂಗಳ ಹಿಂದೆ ಅವಳು ಮುರಿದುಕೊಂಡ ಮೇಲೆ ಇಂದೇ ಮೊದಲ ಮುಖಾಮುಖಿ! ಇಂಜಿನಿಯರ್ ಆಗಿದ್ದ ಅವನ ಕೈಯಲ್ಲಿ ಸುರುಳಿ ಸುತ್ತಿದ ಒಂದು ನಕ್ಷೆ ಇತ್ತು.

"ನಿಮ್ಮಮ್ಮ ಕೇಳಿದ್ರು. ನಿಮ್ಮಪ್ಪ ಕೊನೇದಾಗಿ ಸಹಿ ಹಾಕಿದ್ದು ಇದಕ್ಕೇ. ಅವರ ಕೈಗೆ ಕೊಟ್ಟು ಹೋಗ್ತೀನಿ."

"ಕೊಂದವನೇ ಕಾಣಿಕೆ ತರ್ತಾನಾ? ನಾಚಿಕೆ ಆಗಲ್ವಾ ನಿನಗೆ?"

ಪುಣ್ಯಾತ್ಮ ನಕ್ಷೆಯನ್ನು ಎದೆಗೊತ್ತಿಕೊಂಡು ಒಳಗೆ ನಡೆದ, ಅವಳೂ ಬೆನ್ನಿಗೇ ಬಂದಳು. ಮದುವೆ ಮುರಿದ ದಿನವೇ ಬಾಯಿ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಬಿಡಿ.

ಒಳಗೆ ಅಪ್ಪನ ಗುಣಗಾನ ನಡೆದಿತ್ತು. ನಲವತ್ತು ವರ್ಷ ಕಟ್ಟಡಗಳ ವಿನ್ಯಾಸ ಮಾಡಿದ ಮನುಷ್ಯ. ಈಚೆಗೆ ನಕ್ಷೆ ಬರೆಯಲು ಮಗಳೂ ಜೊತೆಗಿದ್ದಳು. ತಲೆ ಮೇಲೆ ಎಷ್ಟೇ ಕೆಲಸವಿರಲಿ, ಮಧ್ಯಾಹ್ನದ ಊಟಕ್ಕೆ ಮನೆಗೇ ಬರಬೇಕು, ಹೆಂಡತಿ ಮಗಳನ್ನು ನಗಿಸಿಯೇ ಹೋಗಬೇಕು!

ಹಳೆಯ ಗೆಳೆಯರೊಬ್ಬರು ಮೈಕ್ ಹಿಡಿದು, "ಕೊನೇ ಶಾಲೆ ಕಟ್ಟಡದಲ್ಲಿ ಪಾಪ, ಎಡವಿಬಿಟ್ಟ. ವಯಸ್ಸಾಗಿತ್ತು, ಕಣ್ಣೂ ಮಂಜಾಗಿತ್ತು..." ಎಂದರು.

ಅವಳ ಮೈಯೆಲ್ಲ ಉರಿದುಹೋಯಿತು.

ಆ ಶಾಲೆಯ ಮೆಟ್ಟಿಲ ಮೇಲಿನ ತೊಲೆ ತಲೆಗೆ ಬಡಿಯುವಷ್ಟು ಕೆಳಗೆ ಬಂದಿತ್ತು. "ಇದನ್ನ ಒಡೀಲೇಬೇಕು" ಎಂದು ಎಲ್ಲರೆದುರು ಹೇಳಿದವನು ಆ ಕಟ್ಟಡದ ಇಂಜಿನಿಯರ್ ಆಗಿದ್ದ ಇವನೇ. ಅಪ್ಪ ತಲೆ ತಗ್ಗಿಸಿಕೊಂಡು ಮನೆಗೆ ಬಂದು, "ನೀನು ಬರೆದಿದ್ದು ಸರಿಯಿತ್ತು ಪುಟ್ಟಿ, ನಾನೇ ತಿದ್ದೋಕೆ ಹೋಗಿ ಕೆಡಿಸ್ದೆ" ಎಂದಿದ್ದರು. ಮರುವಾರವೇ ಆಫೀಸಿಗೆ ಬೀಗ ಬಿತ್ತು. ಎರಡು ತಿಂಗಳಲ್ಲಿ ಎದೆಯೊಡೆದು ಹೋಗಿಬಿಟ್ಟರು.

"ಎಲ್ಲರೂ ನೋಡ್ಲಿ, ಅಂಥಾ ಏನು ದೊಡ್ಡ ತಪ್ಪು ಅಂತ!" ಅವಳು ನಕ್ಷೆಗೆ ಕೈ ಹಾಕಿದಳು.

"ಬೇಡ... ನಿನ್ನ ದಮ್ಮಯ್ಯ, ಬಿಚ್ಚಬೇಡ!"

ಕೇಳಿದರೆ ತಾನೇ! ಕಿತ್ತುಕೊಂಡು ಮೇಜಿನ ಮೇಲೆ ಹರಡಿದಳು.

ಮೆಟ್ಟಿಲಿನ ಪಕ್ಕದ ಅಂಕಿಗಳು... ಅವಳದೇ ಕೈಬರಹ! ತೊಲೆಯ ಎತ್ತರವನ್ನು ಮೆಟ್ಟಿಲಿನಿಂದ ಲೆಕ್ಕ ಹಾಕುವ ಬದಲು ನೆಲದಿಂದ ಹಾಕಿದ್ದಳು. ಅಪ್ಪ ಒಂದು ಗೆರೆಯನ್ನೂ ತಿದ್ದಿರಲಿಲ್ಲ. ಮಗಳನ್ನು ನಂಬಿ ಕೆಳಗೆ ಸಹಿ ಮಾತ್ರ ಹಾಕಿದ್ದರು.

"ನಿನಗೆ... ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತು. ನಿಮ್ಮಪ್ಪ ನನ್ನ ಮುಂದೆ ಕೈ ಮುಗಿದ್ರು. 'ನನ್ನ ಕಾಲ ಮುಗೀತು, ಅವಳದು ಈಗ ಶುರು. ಹೇಳ್ಬೇಡಪ್ಪಾ' ಅಂದ್ರು."

"ನಿನ್ನನ್ನ ಕೊಲೆಗಾರ ಅಂದಾಗ್ಲೂ...?"

"ಮಾತು ಕೊಟ್ಟಿದ್ದೆ."

ಅಮ್ಮ ಓಡಿ ಬಂದು ಅವಳ ಕೈ ಹಿಡಿದುಕೊಂಡಳು. "ಸುತ್ತಿಡು ಮಗಳೇ. ಯಾರೂ ನೋಡಿಲ್ಲ. ನಿಮ್ಮಪ್ಪ ಬಯಸಿದ್ದೂ ಅದೇ."

'ಸುತ್ತಿಟ್ಟರೆ ಅಪ್ಪ ಎಂದೆಂದಿಗೂ ಎಡವಿದವರೇ...' ಅವಳು ಕೈ ಬಿಡಿಸಿಕೊಂಡು ನೇರ ಮೈಕಿನ ಬಳಿಗೆ ನಡೆದಳು.

"ಎಡವಿದ್ದು ಅಪ್ಪ ಅಲ್ಲ... ನಾನು!"

ಸಭೆಯಲ್ಲಿ ಗುಸುಗುಸು ಎದ್ದಿತು. ಬರುವ ವಾರ ಅವಳನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕಿದ್ದ ಹಿರಿಯ ವಾಸ್ತುಶಿಲ್ಪಿ ಎದ್ದು ಹೊರಟೇಹೋದರು. ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ.

ಹೊರಗಿನ ಬೆಂಚಿನ ಮೇಲೆ ಅವಳು ಕುಸಿದು ಕುಳಿತಳು. ಅವನು ಬಂದು ಎದುರಿಗೆ ನಿಂತ.

"ಅಪ್ಪನ್ನ ಕೊಂದಿದ್ದು ನಾನೇ ಅಲ್ವಾ?"

"ಹಾಗನ್ಬೇಡ."

"ಆ ಮಾತನ್ನ ನಿನಗೆ ಅಂದೆನಲ್ಲ... ಫೋನಲ್ಲೂ ಎಷ್ಟು ಸಲ ಅಂದೆ!"

"ಅಂದೆ. ಇನ್ನೂ ಚುಚ್ತಾನೇ ಇದೆ."

"ಹಾಗಾದ್ರೆ ಹೋಗು. ನನ್ನಂಥವಳ ಜೊತೆ ಯಾಕಿರ್ತೀಯಾ?"

ಅವನು ಪಕ್ಕದಲ್ಲೇ ಕುಳಿತ. ಅವನ ಕಣ್ಣೂ ಒದ್ದೆಯಾಗಿತ್ತು.

"ಹೋಗೋಕೆ ಆಗಿದ್ದಿದ್ರೆ, ನೀನು ಹೋಗು ಅಂದ ದಿನಾನೇ ಹೋಗ್ತಿದ್ದೆ ಕಣೇ..."