ಇಲ್ಲದ ಐಬು

“ಇರೋ ಐಬು ಎಷ್ಟು ಬೇಕಾದ್ರೂ ಹೇಳು ನಾಯನಾ. ಇಲ್ಲದ ಐಬು ಮಾತ್ರ ಈ ಗಾಡಿ ಮೇಲೆ ಹೊರಿಸಬೇಡ.”

ರೇಷ್ಮೆಹುಳು ಸಾಕುವ ಮನೆಯ ಬಾಗಿಲಿಗೆ ಕಟ್ಟಿದ್ದ ಗೋಣಿಯ ಪರದೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬಂದವನ ತಲೆಗೆ ತಗುಲದಿರಲೆಂದು ಇನ್ನೊಂದು ಅಂಗೈಯನ್ನು ಬಾಗಿಲಿನ ಮೇಲುಪಟ್ಟಿಗೆ ಒತ್ತಿಟ್ಟು ರಾಮಲಕ್ಷ್ಮಮ್ಮ ಹೇಳಿದರು. ಎಂಬತ್ತು ದಾಟಿದ ಕೈ.

ಮೋಹನ್‌ಬಾಬು ಬಗ್ಗಿ ಒಳಗೆ ಬಂದ. “ಹೊರಿಸಿದ್ರೆ ಏನ್ಮಾಡುತ್ತೆ ಅಜ್ಜಿ? ಮುನಿಸ್ಕೊಂಡು ತಾನೇ ಸ್ಟಾರ್ಟ್ ಆಗಿ ಹೊರಟೋಗುತ್ತಾ?”

“ನಗಬೇಡಪ್ಪ. ಹೊರಿಸಿದೋರಿಗೇ ಅದು ಬರುತ್ತೆ.”

ಅವನ ಹಿಂದೆ ಬಂದ ಮೆಕ್ಯಾನಿಕ್ ಸಾದಿಕ್ ಪಾಷಾ ಹುಳುಗಳಿಗೆ ಮರ್ಯಾದೆಯೆಂಬಂತೆ ಚಪ್ಪಲಿ ಹೊರಗೇ ಬಿಟ್ಟಿದ್ದ. “ಭಾಯ್, ಇದು ಮಾಟದ ಗಾಡಿ ಅಂತ ಇಡೀ ದಿಬ್ಬೂರಹಳ್ಳಿ ಹೇಳುತ್ತೆ. ಬಾಯ್ಮುಚ್ಕೊಂಡು ತಗೊಂಡು ಹೋಗಣ,” ಎಂದು ಪಿಸುಗುಟ್ಟಿದ.

“ಮಾಟ ಅಂದ್ರೆ ಬೆಂಗಳೂರಿನ ಶೋಕಿವಾಲಾಗಳು ಇನ್ನೂ ಜಾಸ್ತಿ ಕೊಡ್ತಾರೆ ಕಣೋ.”

ಹಗಲು ಹನ್ನೊಂದಕ್ಕೇ ಒಳಗೆ ಕತ್ತಲೆ. ಮುಂದಿನ ಅರ್ಧದಲ್ಲಿ ತಟ್ಟೆಗಳ ತುಂಬ ರೇಷ್ಮೆಹುಳು. ಅವು ಸೊಪ್ಪು ಮೇಯುವ ಸದ್ದು ದೂರದಲ್ಲೆಲ್ಲೋ ಸಣ್ಣ ಮಳೆ ಬೀಳುತ್ತಿರುವಂತೆ ಕೇಳುತ್ತಿತ್ತು. ಹಸಿ ಹಿಪ್ಪುನೇರಳೆಯ ಒಗರು, ಹಿಕ್ಕೆಯ ಹುಳಿ, ಅದರಡಿ ಇನ್ನೊಂದು ವಾಸನೆ: ಒದ್ದೆ ಕಬ್ಬಿಣದ್ದು. ಹಿಂದಿನ ಅರ್ಧದಲ್ಲಿ, ಹರಿದ ಸೀರೆಗಳನ್ನು ಜೋಡಿಸಿ ಹೊಲಿದ ಹೊದಿಕೆಯ ಕೆಳಗೆ, ಹಸಿರು ಬಣ್ಣದ ಮಾರಿಸ್ ಮೈನರ್ ಕಾರು ಮಲಗಿತ್ತು.

ಮೋಹನ್‌ಬಾಬು ಚಿಕ್ಕಬಳ್ಳಾಪುರದವನು. ಅಂತರ್ಜಾಲದ ಜಾಹೀರಾತುಗಳಲ್ಲಿ ಹಳೆಯ ಕಾರುಗಳನ್ನು ಹುಡುಕಿ, ಕೊಂಡು, ಬೆಲೆ ಕಟ್ಟಿ, ಸಂಗ್ರಹಕಾರರಿಗೆ ಮಾರುವುದು ಅವನ ಕಸುಬು. ಹೊಸ ಬಣ್ಣ ಬಳಿದು ಮಿಂಚಿಸಿದ ಗಾಡಿಗೆ ಈಗ ಬೆಲೆಯಿಲ್ಲ. ಯಾರೂ ಕೈ ಹಾಕದ, ಹುಟ್ಟಿದಾಗಿನ ಬಣ್ಣದಲ್ಲೇ ಮುದಿಯಾದ ಗಾಡಿಗೆ ಜನ ಬಾಯಿ ಬಾಯಿ ಬಿಡುತ್ತಾರೆ. ಊರಿನ ಶಾಲೆಯ ಟೀಚರಮ್ಮ ಅಜ್ಜಿಗಾಗಿ ತೆಗೆದು ಹಾಕಿದ್ದ ನಾಲ್ಕು ಮಸುಕು ಫೋಟೋಗಳಲ್ಲೇ ಅವನಿಗೆ ಇದು ಅಂಥದ್ದೆಂದು ಗೊತ್ತಾಗಿತ್ತು.

ಅಜ್ಜಿ ಮಜ್ಜಿಗೆ ತರಲು ಮನೆಗೆ ಹೋದರು. ಅವನು ಜೇಬಿನಿಂದ ಆಯಸ್ಕಾಂತ ತೆಗೆದು ಕಾರಿನ ಮೈಯುದ್ದಕ್ಕೂ ಹಿಡಿದ. ತುಕ್ಕು ಮುಚ್ಚಲು ಮೆತ್ತುವ ಪುಟ್ಟಿ ಎಲ್ಲೂ ಇಲ್ಲ, ಪಟ್ಟನೆ ಅಂಟಿತು. ಅಂಗಾತ ಮಲಗಿ ತಳ ತಟ್ಟಿದ. ಗಂಟೆಯಂತೆ ನುಡಿಯಿತು. ಸಾದಿಕ್ ಬ್ಯಾಟರಿ ಕೊಟ್ಟಾಗ ದೀಪಗಳೆರಡೂ ಉರಿದವು. ಹಾರ್ನ್ ಒತ್ತಿದ. ಅದು ಕೂಗಿದ ಕ್ಷಣ ಹುಳುಗಳ ಮಳೆ ಗಕ್ಕನೆ ನಿಂತಿತು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ಮತ್ತೆ ಶುರುವಾಯಿತು.

ಸಾದಿಕ್ ತೋಳಿನ ಕೂದಲು ಸವರಿಕೊಂಡ.

ಅಜ್ಜಿ ಬಂದರು. ಇಬ್ಬರಿಗೂ ಲೋಟ ಕೊಟ್ಟು, ಸಾದಿಕ್‌ನದಕ್ಕೆ ಉಪ್ಪು ಕಮ್ಮಿಯಾಯಿತೇನೋ ಎಂದು ವಿಚಾರಿಸಿಕೊಂಡು, “ನಿಂಗೆ ತೋಚಿದಷ್ಟು ಕೊಡು ನಾಯನಾ. ಹುಳಕ್ಕೆ ಜಾಗ ಸಾಲ್ದು. ಖಾಲಿಯಾದ್ರೆ ಸಾಕು,” ಎಂದರು.

ಚೌಕಾಸಿಗೆ ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ ನಾಲಿಗೆಗೆ ಹಲವು ವರ್ಷಗಳ ಅಭ್ಯಾಸ. ಕೊಳ್ಳುವ ಗಾಡಿಯನ್ನು ಹಳಿಯದೆ ಅವನು ಎಂದೂ ಕೊಂಡವನಲ್ಲ. ಅಜ್ಜಿಯ ಮಾತನ್ನು ಸುಳ್ಳು ಮಾಡಿ ತೋರಿಸುವ ಚೇಷ್ಟೆಯೂ ಸೇರಿಕೊಂಡಿತು.

“ಇದರ ಎಡಗಣ್ಣು ಸತ್ತಿದೆ ಅಜ್ಜಿ,” ಎಂದು ದೀಪದ ಗಾಜು ತಟ್ಟಿದ.

“ಭಾಯ್!” ಸಾದಿಕ್ ತೋಳು ಜಿಗುಟಿದ.

“ಹಾರ್ನಿಗೂ ದನಿ ಇಲ್ಲ.”

“ಈಗ ತಾನೆ ಕೂಗ್ತಲ್ಲಪ್ಪ... ನಂಗೆ ಕೇಳಿಸ್ತು.”

“ಅದು ಕೊನೇ ಉಸಿರು ಅಜ್ಜಿ. ಮೇಲೆ ಥಳಕು ಅಷ್ಟೆ, ಒಳಗೆಲ್ಲಾ ತುಕ್ಕು ತಿಂದಿದೆ.”

ರಾಮಲಕ್ಷ್ಮಮ್ಮ ಎರಡೂ ಕಿವಿ ಮುಚ್ಚಿಕೊಂಡರು. “ಸಾಕು ನಾಯನಾ. ನಿನ್ನ ಕಾಲಿಗೆ ಬೀಳ್ತೀನಿ. ಸಾಕು.”

ಕಾರಿನೊಳಗೆ ಹಿಂದಿನ ಸೀಟಿನ ಸ್ಪ್ರಿಂಗು ಕಿರುಗುಟ್ಟಿತು. ಯಾರೋ ಬಂದು, ಸಮಾಧಾನವಾಗಿ ಒರಗಿ ಕೂತಂತೆ.

ಮಧ್ಯಾಹ್ನಕ್ಕೆ ಕಾರು ಶಿಡ್ಲಘಟ್ಟದ ಸಾದಿಕ್‌ನ ಶೆಡ್ ಸೇರಿತು. ಸಂಜೆ ಮೋಹನ್‌ಬಾಬು ಎಂದಿನಂತೆ ಮಗಳಿಗೆ ಫೋನ್ ಮಾಡಿದ. ಮೌನಿಕಾ ಚಿಂತಾಮಣಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಮೂರು ವರ್ಷದವಳಿದ್ದಾಗ ತಾಯಿ ತೀರಿಕೊಂಡಿದ್ದಳು. ಪಕ್ಕದ ಮನೆಯವರನ್ನು ನೋಡಿ ನೋಡಿ ಜಡೆ ಹೆಣೆಯಲು ಕಲಿತ ಅಪ್ಪ ಅವನು. ಅವನಿಗೆ ಅವಳು, ಅವಳಿಗೆ ಅವನು, ಅಷ್ಟೇ ಸಂಸಾರ.

“ಇನ್ನೊಂದು ಗುಜರಿ ತಂದ್ಯಾ ಅಪ್ಪಾ? ಗ್ರೂಪಲ್ಲಿ ಫೋಟೋ ಹಾಕು, ನೋಡ್ತೀನಿ,” ಎಂದು ಅವಳು ನಕ್ಕಳು.

ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ಅರ್ಧ ಮುಖವೇ ಕಾಣಲಿಲ್ಲ. ಎಡಗಣ್ಣು ಕತ್ತಲೆ. ಉಜ್ಜಿದ, ತೊಳೆದ. ಕತ್ತಲೆಯೇ. ಡಾಕ್ಟರು ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, “ಕಣ್ಣು ಚೆನ್ನಾಗೇ ಇದೆಯಲ್ರೀ,” ಎಂದರು. ಗಾಜು ಸ್ವಚ್ಛ, ಒಳಗಿನದೆಲ್ಲ ಸರಿ, ಉರಿಯುತ್ತಿಲ್ಲ ಅಷ್ಟೆ. ಅವನಿಗೆ ಅಜ್ಜಿಯ ಮಾತು ನೆನಪಾಯಿತು. ಆದರೂ ಬಿಸಿಲು, ನಿದ್ದೆಗೇಡು ಎಂದುಕೊಂಡ.

ಮೂರನೆಯ ಬೆಳಿಗ್ಗೆ ಮಗಳ ಫೋನ್ ಬಂತು. “ತಿಂಡಿ ಆಯ್ತಾ ಪುಟ್ಟಾ” ಎನ್ನಹೋದ. ‘ತಿಂ’ ಎಂಬಲ್ಲಿಗೆ ದನಿ ನಿಂತಿತು. ಬಾಯಿ ಆಡಿತು, ಗಾಳಿ ಹೋಯಿತು, ಸದ್ದಿಲ್ಲ. “ಅಪ್ಪಾ? ನೆಟ್‌ವರ್ಕ್ ಇಲ್ವಾ? ಅಪ್ಪಾ?” ಎಂದು ಅವಳು ಕೂಗುತ್ತಲೇ ಇದ್ದಳು.

ಅವನು ಶಿಡ್ಲಘಟ್ಟಕ್ಕೆ ಓಡಿ ಸಾದಿಕ್‌ಗೆ ಫೋನಿನಲ್ಲಿ ಬರೆದು ತೋರಿಸಿದ. ಸಾದಿಕ್ ಬಿಸಿಲಿಗೆ ಕಾದ ಬೈಕ್ ಸೀಟಿನ ಮೇಲೆ ತನ್ನ ಟವೆಲ್ ಹಾಸಿ ಕೂರಿಸಿಕೊಂಡು ದಿಬ್ಬೂರಹಳ್ಳಿಗೆ ಹೊರಟ.

ರಾಮಲಕ್ಷ್ಮಮ್ಮ ಜಗಲಿಯ ಮೇಲೆ ಕಾಯುತ್ತಿದ್ದಂತಿತ್ತು. ಅವನ ಕಣ್ಣು ನೋಡಿ, ಅಲ್ಲಾಡುವ ತುಟಿ ನೋಡಿ, ಪಕ್ಕಕ್ಕೆ ಕೂರಿಸಿಕೊಂಡರು.

“ಮಾಟ ಮಾಡಿಸಿದೋಳು ನಾನೇ ಕಣಪ್ಪ.”

ಅಂಥ ಮೆತ್ತನೆಯ ದನಿಯಲ್ಲಿ ಆ ಮಾತು.

“ಆಸ್ತಿ ಪಾಲಾಗೋವಾಗ ನಮ್ಮ ಭಾವ ವೆಂಕಟರಾಯಪ್ಪ, ಇಂಜಿನ್ ಬಿಗಿದೋಗಿದೆ, ಕೆಲಸಕ್ಕೆ ಬರಲ್ಲ ಅಂತ ಕಾಗದದಲ್ಲಿ ಬರೆಸಿ ಕಾರು ಹೊಡ್ಕೊಂಡ್ರು. ಗಾಡಿ ಚೆನ್ನಾಗೇ ಓಡ್ತಿತ್ತು. ನಮ್ಮ ಯಜಮಾನರು ಅದೇ ಕೊರಗಲ್ಲಿ ಹೋದ್ರು. ನಂಗೆ ಇಪ್ಪತ್ತೆರಡು ವರ್ಷ. ಹೊಟ್ಟೆ ಧಗಧಗ ಉರೀತಿತ್ತು. ಗಡಿ ಆಚೆಯಿಂದ ಒಬ್ಬನ್ನ ಕರೆಸ್ದೆ. ಕೋಳಿ ರಕ್ತದಲ್ಲಿ ಸೀಟಿನ ಅಡಿ ಏನೇನೋ ಬರೆದ. ಭಾವ ಹನ್ನೊಂದು ವರ್ಷ ಮಂಚದ ಮೇಲೆ ಕೊರಡಿನಂಗೆ ಬಿಗಿದು ಬಿದ್ದಿದ್ರು. ಗಂಜಿ ಕುಡಿಸಿದ್ದೂ ನಾನೇ, ಮೈ ಒರೆಸಿದ್ದೂ ನಾನೇ.”

“ಬಿಡಿಸೋಕಾಗಲ್ವಾ ಅಮ್ಮಾ?” ಸಾದಿಕ್ ಕೇಳಿದ.

“ಮಾಡಿದೋನು ಸತ್ತೋದ. ಆಡಿದ್ದನ್ನ ವಾಪಸ್ ತಗೊಳ್ಳೋಕೂ ಆಗಲ್ಲ. ಬೇರೆ ಯಾರಾದ್ರೂ ಅದೇ ಐಬು ಅಂದ್ರೆ, ಬರೆದ್ರೂ ಸರಿ, ಇವರನ್ನ ಬಿಟ್ಟು ಅವರಿಗೆ ಹೋಗುತ್ತೆ. ಗೌರಿಬಿದನೂರಿಂದ ಬ್ರೋಕರ್ ಒಬ್ಬ ಬಂದು, ಇಂಜಿನ್ ಬಿಗಿದಿದೆ ಅಂದ. ಭಾವ ಎದ್ದು ಬಾವಿಗಂಟ ನಡೆದ್ರು. ಬ್ರೋಕರ್‌ನ ಹಲಗೆ ಮೇಲೆ ಹೊತ್ಕೊಂಡು ಹೋದ್ರು. ಭಾವ ತೀರ್ಕೊಂಡ್ಮೇಲೆ ಗಾಡಿ ನನ್ನ ಪಾಲಿಗೇ ಉಳೀತು.” ಅವರು ಸೆರಗಿನಿಂದ ಮೋಹನ್‌ಬಾಬುವಿನ ಹಣೆ ಒರೆಸಿದರು. “ಏನಾದ್ರೂ ತಿಂದಿದೀಯೇನಪ್ಪ?”

ಶೆಡ್ಡಿಗೆ ಮರಳುವಷ್ಟರಲ್ಲಿ ಕೆಮ್ಮು ಶುರುವಾಗಿತ್ತು. ಬಾಯಿ ತುಂಬ ಒದ್ದೆ ಕಬ್ಬಿಣದ ವಾಸನೆ. ಉಗುಳಿದರೆ ನೆಲದ ಮೇಲೆ ರಕ್ತವಲ್ಲ, ಕೆಂಪು ಹುಡಿ. ನಡುವೆ ತೆಳ್ಳನೆಯ ಕಪ್ಪು ಚೆಕ್ಕೆಗಳು. ಸಾದಿಕ್ ಆಯಸ್ಕಾಂತ ಹಿಡಿದ. ಚೆಕ್ಕೆಗಳು ಒಂದೊಂದಾಗಿ ತಲೆ ಎತ್ತಿ ನಿಂತವು.

ಎದೆಯೊಳಗೆ ಏನೋ ಮೇಯುತ್ತಿತ್ತು. ಸಣ್ಣ ಮಳೆಯ ಸದ್ದು.

ಮೋಹನ್‌ಬಾಬು ಸಾದಿಕ್‌ನ ಎರಡೂ ಕೈ ಹಿಡಿದು, ಕಾರಿನ ಕಡೆ ತೋರಿಸಿ, ಮೊಣಕಾಲೂರಿದ. ಒಂದು ಮಾತು. ಒಂದೇ ಮಾತು ಹೇಳು.

“ನಂಗೆ ನಾಲ್ಕು ಮಕ್ಳು ಭಾಯ್,” ಎಂದ ಸಾದಿಕ್. ಕಣ್ಣಲ್ಲಿ ನೀರು ತುಂಬಿತ್ತು. ತನ್ನ ಬಾಯಿಯನ್ನು ತಾನೇ ಅಂಗೈಯಿಂದ ಮುಚ್ಚಿಕೊಂಡ.

ಆಗ ಮೋಹನ್‌ಬಾಬುವಿಗೆ ಹೊಳೆಯಿತು. ಬಾಯಿಗಳಿಗೇನು ಬರ. ಅಂತರ್ಜಾಲದ ಹಳೆಯ ಕಾರುಗಳ ಗ್ರೂಪಿನಲ್ಲಿ ನಲವತ್ತು ಸಾವಿರ ಜನರಿದ್ದರು. ಕಣ್ಣಾರೆ ನೋಡದ ಗಾಡಿಯನ್ನು ಹಳಿಯುವುದೇ ಅವರಿಗೆ ಹೊತ್ತು ಕಳೆಯುವ ದಾರಿ. ಕಾರಿನ ಫೋಟೋ ತೆಗೆದ. ಬೆಲೆಯನ್ನು ಇರಬೇಕಾದ್ದಕ್ಕಿಂತ ಆರು ಪಟ್ಟು ಹಾಕಿದ. ಜನ ರೇಗುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕೆಳಗೆ ಬರೆದ: ‘ಎಡಗಡೆ ದೀಪ, ಹಾರ್ನ್, ಒಳಮೈ, ಎಲ್ಲಾ ಒರಿಜಿನಲ್. ಐಬು ಇದ್ದರೆ ಹೇಳಿ ನೋಡೋಣ.’

“ಬೇಡ ಭಾಯ್. ಯಾರ್ದೋ ಮನೆ ಹಾಳಾಗುತ್ತೆ.”

ಅವನು ಪೋಸ್ಟ್ ಗುಂಡಿ ಒತ್ತಿದ.

ಎರಡನೇ ನಿಮಿಷಕ್ಕೇ ಒಬ್ಬ ಬರೆದ: ‘ಎಡಗಡೆ ಲೈಟ್ ಸತ್ತಿದೆ ಗುರು, ಫೋಟೋದಲ್ಲೇ ಕಾಣುತ್ತೆ.’ ಎಡಗಣ್ಣಿಗೆ ಬೆಳಕು ಚುಚ್ಚಿತು. ಶೆಡ್ಡಿನ ತಗಡು, ಕಿಟಕಿ, ಬಿಸಿಲು ಎಲ್ಲ ಮರಳಿ ಬಂದವು. ಬರೆದವನ ಚಿತ್ರದಲ್ಲಿ ಹೆಗಲ ಮೇಲೆ ಕೂಸು ನಗುತ್ತಿತ್ತು. ಮೋಹನ್‌ಬಾಬು ಬೆರಳಿಂದ ಚಿತ್ರವನ್ನು ಮೇಲಕ್ಕೆ ತಳ್ಳಿದ.

‘ಇಷ್ಟು ರೇಟಿಗೆ ಹಾರ್ನ್ ಆದ್ರೂ ಕೂಗುತ್ತಾ? ದನಿಯೇ ಇಲ್ಲ ಬಿಡಿ.’ ಬರೆದವಳ ಕೈಯಲ್ಲಿ ಮೈಕು. ಯಾವುದೋ ವೇದಿಕೆಯ ಮೇಲೆ ಹಾಡುತ್ತಿದ್ದಳು.

“ಸಾದಿಕ್!” ಎಂದ ಅವನು. ದನಿ ಬಂದಿತ್ತು. ಒಡನೆ ಕೆಮ್ಮು ಅದನ್ನು ಮುರಿಯಿತು. ಕೆಂಪು ಹುಡಿ ಗಲ್ಲದ ಮೇಲೆ ಹರಡಿತು. ಉಸಿರಿಗೆ ಜಾಗವಿಲ್ಲ. ಬೇಗ. ಯಾರಾದರೂ ಬೇಗ.

ಎದೆ ತೆರೆಯಿತು.

ಮೇಯುವ ಸದ್ದು ನಿಂತಿತು. ಗಾಳಿ ಒಳಕ್ಕೆ ನುಗ್ಗಿತು. ತಣ್ಣನೆಯ, ಸಿಹಿಯಾದ ಗಾಳಿ. ಅವನು ನೆಲದ ಮೇಲೆ ಬಿದ್ದುಕೊಂಡು ನಕ್ಕ, ಅತ್ತ. ಕಣ್ಣೊರೆಸಿಕೊಂಡು, ತನ್ನನ್ನು ಉಳಿಸಿದ ಪುಣ್ಯಾತ್ಮ ಯಾರೆಂದು ನೋಡಿದ.

‘ಮೇಲೆ ಥಳಕು, ಒಳಗೆಲ್ಲಾ ತುಕ್ಕು ತಿಂದಿದೆ, ಯಾರೂ ತಗೋಬೇಡ್ರಪ್ಪೋ!’ ಸಾಲಿನ ಕೊನೆಗೆ ನಗುವ ಮೂರು ಮುಖಗಳು. ಬರೆದವರ ಹೆಸರು: ಮೌನಿಕಾ ಮೋಹನ್‌ಬಾಬು.

ಫೋನ್ ಬಡಿದುಕೊಂಡಿತು. ಅವಳೇ. ಸ್ಪೀಕರಿಗೆ ಹಾಕಿದ.

“ಅಪ್ಪಾ, ನನ್ ಕಾಮೆಂಟ್ ನೋಡಿದ್ಯಾ? ನೀನು ಯಾವಾಗ್ಲೂ ಹೇಳೋದನ್ನೇ ಬರ್ದೆ. ಬೆಳಿಗ್ಗೆಯಿಂದ ಮಾತಾಡ್ಲಿಲ್ಲ, ಅದಕ್ಕೇ ಸಿಟ್ಟು ಬರ್ಸೋಣ ಅಂತ...” ಕೆಮ್ಮು. “ಅಯ್ಯೋ, ಏನೋ ಬಾಯಲ್ಲಿ... ಕಬ್ಬಿಣದ ಥರ ವಾಸ್ನೆ ಅಪ್ಪಾ...” ಮತ್ತೆ ಕೆಮ್ಮು. ಹಿಂದಿನಿಂದ ಗೆಳತಿಯರ ಗಾಬರಿಯ ದನಿಗಳು. ನೀರು ತಗೊಂಬಾ. ಬೆನ್ನು ತಟ್ಟು.

ಸಾದಿಕ್ ಎಲ್ಲ ಕೇಳಿಸಿಕೊಂಡಿದ್ದ. “ನೀನೇ ಹೇಳಿಬಿಡು ಭಾಯ್! ನೀನು ಅಂದ್ರೆ ನಿಂಗೆ ವಾಪಸ್ ಬರುತ್ತೆ. ನಿನ್ ಬಿಟಿಯಾ ಉಳೀತಾಳೆ. ಹೇಳು!”

ಹೌದು. ಮೂರೇ ಪದ. ದನಿಯೂ ಇದೆ ಈಗ. ಅವನು ಬಾಯಿ ತೆರೆದ. “ಒಳಗೆಲ್ಲಾ” ಎಂದ.

ನಾಲಿಗೆಯ ತುದಿಗೆ ಆ ರುಚಿ ನೆನಪಾಯಿತು. ಎದೆಯ ಗೋಡೆ ಮೇಯುವ ಆ ಸದ್ದು.

ಪರದೆಯ ಮೇಲೆ, ಮಗಳ ಸಾಲಿನ ಕೆಳಗೆ, ಮೂರು ಚುಕ್ಕಿಗಳು ಕುಣಿಯತೊಡಗಿದ್ದವು. ಯಾರೋ ಅಪರಿಚಿತ ಏನೋ ಬರೆಯುತ್ತಿದ್ದ.

“ಹೇಳು ಭಾಯ್!”

“ತಡಿ,” ಎಂದ ಮೋಹನ್‌ಬಾಬು. “ಒಂದೇ ನಿಮಿಷ. ಯಾರೋ ಬರೀತಿದಾರೆ. ಇದನ್ನೇ ಬರೀತಾನೆ. ಇದನ್ನೇ.”

“ಅಪ್ಪಾ...” ಫೋನಿನಲ್ಲಿ ಗಾಳಿ ಸೀಳುವ ಸದ್ದು. “ಅಪ್ಪಾ, ಉಸಿರು...”

ಚುಕ್ಕಿಗಳು ಕುಣಿದವು. ನಿಂತವು. ಮತ್ತೆ ಕುಣಿದವು. ಬರಿ. ಬರಿ ಮಾರಾಯ. ಎರಡೂ ಕಣ್ಣು ಪರದೆಯಲ್ಲೇ ನೆಟ್ಟಿದ್ದವು. ಫೋನಿನಲ್ಲಿ ಒಂದು ಹುಡುಗಿ ಚೀರಿದಳು. ಮೌನಿ, ಕಣ್ಬಿಡೇ. ಮೌನಿ. ಏನೋ ಧೊಪ್ಪನೆ ಬಿತ್ತು. ಕೆಮ್ಮು ಇಲ್ಲ. ಉಸಿರಿಲ್ಲ.

ಕೊನೆಗೂ ಆ ಸಾಲು ಮೂಡಿತು.

‘ಲಾಸ್ಟ್ ರೇಟ್ ಎಷ್ಟು ಬ್ರೋ?’