ಎಡವಟ್ಟು ಟೈಲರ್

"ಅಪ್ಪಾ, ಇನ್ನೊಂದ್ಸಲ! ತೋಳು ಉಲ್ಟಾ ಹೊಲೀರಿ, ಆಮೇಲೆ ಹಣೆ ಚಚ್ಕೊಳ್ಳಿ. ಈ ಸಲ ನಗುನೇ ಬರ್ಲಿಲ್ಲ!"

ಮಗ ಹಾಗೆ ಗದರಿದಾಗ ಮುದುಕರು ಕೈಯಲ್ಲಿದ್ದ ಕತ್ತರಿಯಿಂದ ತೋಳಿನ ಹೊಲಿಗೆ ಬಿಚ್ಚತೊಡಗಿದರು. ನಲವತ್ತೆರಡು ವರ್ಷ... ಹೊಲಿದ ಒಂದು ಅಂಗಿಯೂ ವಾಪಸ್ಸು ಬಾರದಂತೆ ನಡೆದ ಕೈ ಅದು! ಫೋನು ಹಿಡಿದು ನಿಂತಿದ್ದ ಸೊಸೆಗೆ ಮಾವನ ಮುಖ ನೋಡುವ ಧೈರ್ಯವಾಗಲಿಲ್ಲ. ಈ ಬೆಂಕಿಗೆ ಮೊದಲ ಕಡ್ಡಿ ಗೀರಿದವಳು ಅವಳೇ.

ಬೀದಿಯ ತುಂಬ ರೆಡಿಮೇಡ್ ಅಂಗಡಿಗಳು ಎದ್ದು ಗಿರಾಕಿಗಳು ಕರಗತೊಡಗಿದಾಗ, "ನಮ್ಮಂಗಡಿಗೂ ಒಂದು ಪೇಜ್ ಮಾಡೋಣ ಮಾವ" ಎಂದಿದ್ದಳು. ಮೂರು ತಿಂಗಳು ಮಾವ ಕಾಜಾ ಹೊಲಿಯುವುದನ್ನೂ ಕಾಲರ್ ಕೂರಿಸುವುದನ್ನೂ ಮುತುವರ್ಜಿಯಿಂದ ವಿಡಿಯೋ ಮಾಡಿ ಹಾಕಿದಳು. ನೋಡಿದವರು ಹನ್ನೊಂದು ಜನ, ಅದರಲ್ಲಿ ನಾಲ್ವರು ನೆಂಟರು! ಒಂದು ದಿನ ಹೊಸ ಕನ್ನಡಕದ ಗಡಿಬಿಡಿಯಲ್ಲಿ ಮಾವ ಎಡತೋಳನ್ನು ಬಲಕ್ಕೆ ಜೋಡಿಸಿ, "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡು ತಾವೇ ನಕ್ಕುಬಿಟ್ಟರು. ಆ ನಗು ಮುದ್ದಾಗಿತ್ತೆಂದು ಅವಳು ಹಿಂದೆಮುಂದೆ ನೋಡದೆ ಅದನ್ನೂ ಹಾಕಿದಳು. ಸಂಜೆಯೊಳಗೆ ಲಕ್ಷ ಜನ ನೋಡಿದರು. 'ಎಡವಟ್ಟು ಟೈಲರ್' ಎಂದು ಹೆಸರನ್ನೂ ಅವರೇ ಇಟ್ಟರು.

ಅಲ್ಲಿಂದ ಮುಂದೆ ಲಗಾಮು ಗಂಡನ ಕೈಗೆ ಹೋಯಿತು. "ನೀಟಾಗಿ ಹೊಲಿದ್ರೆ ಯಾರು ನೋಡ್ತಾರೆ? ಜನಕ್ಕೆ ದಿನಾ ಒಂದು ಎಡವಟ್ಟು ಬೇಕು!" ಎಂದು, ಅಪ್ಪನ ಪೆಚ್ಚುಮುಖ ಅಚ್ಚು ಹಾಕಿದ ಟೀ ಶರ್ಟುಗಳನ್ನು ಎಲ್ಲಿಂದಲೋ ತರಿಸಿ ಮಾರತೊಡಗಿದ. ಟೈಲರ್ ಅಂಗಡಿಯಲ್ಲೇ ಬೇರೆಲ್ಲೋ ಹೊಲಿದ ಬಟ್ಟೆ! "ಮನೆಗೆ ಒಳ್ಳೇದಾಗೋದಾದ್ರೆ ನಾನು ಕೋಡಂಗಿ ಆದ್ರೇನಮ್ಮ" ಎಂದು ಮಾವ ಒಪ್ಪಿಕೊಂಡರು.

ಅಂದು ಮಗನ ಗದರಿಕೆಗೆ ಮಾವ ಮತ್ತೆ ತೋಳು ಉಲ್ಟಾ ಹಿಡಿಯುವಷ್ಟರಲ್ಲಿ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಇಪ್ಪತ್ತು ವರ್ಷದ ಗಿರಾಕಿ. ನಿವೃತ್ತಿಯ ದಿನಕ್ಕೆಂದು ಹಿಂದಿನ ವಾರವಷ್ಟೇ ಕೋಟಿನ ಬಟ್ಟೆ ಕೊಟ್ಟುಹೋಗಿದ್ದರು.

"ತಪ್ಪು ತಿಳ್ಕೋಬೇಡಿ... ಬಟ್ಟೆ ವಾಪಸ್ ಕೊಟ್ಬಿಡಿ. ಮೊಮ್ಮಗಳು ವಿಡಿಯೋ ತೋರಿಸಿದ್ಳು. ವಯಸ್ಸಾಯ್ತು, ನೀವೂ ಇನ್ನು ವಿಶ್ರಾಂತಿ ತಗೊಳ್ಳಿ."

"ಮೇಷ್ಟ್ರೇ, ಅದೆಲ್ಲ ನಾಟಕ!" ಸೊಸೆ ಕೂಗಿಯೇಬಿಟ್ಟಳು. "ನಾವೇ ಹೇಳಿ ಮಾಡಿಸಿದ್ದು!"

"ಇರಬಹುದಮ್ಮ. ಆದ್ರೆ ಈ ಕೋಟು ನಾನು ಹಾಕೋದು ಒಂದೇ ದಿನ..."

ಮಾವ ಕೋಟಿನ ಬಟ್ಟೆ ಹೊರತೆಗೆದರು. ಆಗಲೇ ಎಳೆದಿದ್ದ ಸೀಮೆಸುಣ್ಣದ ಗೆರೆಗಳನ್ನು ಬ್ರಷ್ಷಿನಿಂದ ಉಜ್ಜಿ ತೆಗೆದರು. ಅಂಚಿಗೆ ಅಂಚು ಕೂಡಿಸಿ ಮಡಚಿ, ಎರಡೂ ಕೈಯಲ್ಲಿ ಕೊಟ್ಟರು.

ಅವಳಿಗೆ ತಡೆಯಲಾಗಲಿಲ್ಲ. ಮಧ್ಯಾಹ್ನವೇ ಗಂಡನಿಗೆ ಹೇಳದೆ ಫೋನಿನ ಮುಂದೆ ಕೂತು, "ನಮ್ಮ ಮಾವನಂಥ ಟೈಲರ್ ಇನ್ನೊಬ್ಬರಿಲ್ಲ, ನೀವು ನೋಡಿದ್ದೆಲ್ಲ ಸುಳ್ಳು" ಎಂದು ಅತ್ತು, ಆ ವಿಡಿಯೋವನ್ನೂ ಪೇಜಿಗೆ ಹಾಕಿದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. 'ಸೊಸೆ ಆಕ್ಟಿಂಗ್ ಸೂಪರ್!' 'ತಾತ ಇನ್ನೇನು ಹರಿದ್ರು?' ಕೆಳಗೆಲ್ಲ ಬರೀ ನಗುವ ಮುಖಗಳು... ಮೇಷ್ಟ್ರು ಮಾತ್ರ ಬರಲಿಲ್ಲ.

ಅವಳು ಮಿಷಿನ್ನಿನ ಪಕ್ಕ ಕುಸಿದು ಕೂತಳು. "ನನ್ನನ್ನ ಕ್ಷಮಿಸಿ ಮಾವ! ನಿಮ್ಮ ಹೆಸರು ನಾನೇ ಕೈಯಾರೆ ಕೆಡಿಸಿದೆ. ಯಾರೇನಾದ್ರೂ ಅನ್ಲಿ, ಈ ಪೇಜ್ ಇವತ್ತೇ ಮುಚ್ಚಿಬಿಡ್ತೀನಿ!"

ಮಾವ ಅವಳ ತಲೆ ನೇವರಿಸಿದರು.

"ಬೇಡ ಮಗಳೇ. ಹೊಲಿಸೋಕೆ ಇನ್ಯಾರೂ ಬರಲ್ಲ... ನೋಡೋಕಾದ್ರೂ ಬರ್ತಾರಲ್ಲ."

ಕಣ್ಣೊರೆಸಿಕೊಂಡು ಮಿಷಿನ್ನಿನ ಮುಂದೆ ಕೂತರು. ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದರು.

"ಫೋನ್ ಹಿಡ್ಕೊಮ್ಮ. ಹೇಳು, ಇವತ್ತು ಏನನ್ನ ಕೆಡಿಸ್ಲಿ?"